ಘಾಟಿ ಏರುವ ಮೊದಲು: ಹಳೆಯ ಟ್ರಾವೆಲರ್ ಕ್ಯಾಂಪರ್‌ನ ಕೂಲಿಂಗ್ ಭಾಗಗಳನ್ನು ಬದಲಿಸುವ ಬಗೆ

ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ಕೊಂಡು, ಹಿಂದಿನ ಸೀಟು ತೆಗೆಸಿ, ಮಂಚ, ಒಲೆ, ನೀರಿನ ಟ್ಯಾಂಕ್ ಕೂರಿಸಿಕೊಂಡು ಪುಣೆಯಿಂದ ಊರಿಗೂ ಗೋವಾಕ್ಕೂ ಓಡಾಡುವವರಿಗಾಗಿ ಈ ಬರಹ. ಸ್ಪ್ಯಾನರ್ ಹಿಡಿದು ಅಭ್ಯಾಸವಿದ್ದವರು ಈ ಕೆಲಸವನ್ನು ತಾವೇ ಮಾಡಿಕೊಳ್ಳಬಹುದು. ಅಭ್ಯಾಸವಿಲ್ಲದವರು ಗ್ಯಾರೇಜಿನಲ್ಲಿ ಪಕ್ಕಕ್ಕೆ ನಿಂತು ಏನೇನು ನಡೆಯುತ್ತಿದೆ ಎಂದು ನೋಡಿಕೊಳ್ಳಬಹುದು. ಅದೇನೂ ಸಣ್ಣ ಲಾಭವಲ್ಲ.

ಟೂರಿಸ್ಟ್ ಗಾಡಿಯ ಪಾಡೇ ಬೇರೆ, ಕ್ಯಾಂಪರ್‌ನದೇ ಬೇರೆ. ಟೂರಿಸ್ಟ್ ಗಾಡಿ ದಿನಾ ಓಡುತ್ತದೆ. ಪೈಪ್ ಸೋರಿದರೆ ಡ್ರೈವರ್‌ಗೆ ಅಂದೇ ಗೊತ್ತಾಗುತ್ತದೆ. ಕ್ಯಾಂಪರ್ ಸೊಸೈಟಿ ಪಾರ್ಕಿಂಗ್‌ನಲ್ಲಿ ತಿಂಗಳುಗಟ್ಟಲೆ ಧೂಳು ತಿನ್ನುತ್ತ ನಿಂತಿರುತ್ತದೆ, ಆಮೇಲೆ ಒಂದು ಬೆಳಗ್ಗೆ ಮನೆಮಂದಿ, ಹಾಸಿಗೆ, ಸಿಲಿಂಡರ್, ತುಂಬಿದ ನೀರಿನ ಟ್ಯಾಂಕ್ ಎಲ್ಲವನ್ನೂ ಹೊತ್ತು ಸಾತಾರಾ ದಾರಿಯ ಖಂಬಾಟ್ಕಿ ಘಾಟಿ ಏರಬೇಕು. ಗೋವಾದಿಂದ ಬೆಳಗಾವಿಗೆ ಬರುವವರಿಗೆ ಚೋರ್ಲಾ, ಸಾವಂತವಾಡಿ ಕಡೆಯಿಂದ ಬರುವವರಿಗೆ ಆಂಬೋಲಿ. ರಬ್ಬರಿಗೆ ವಯಸ್ಸಾಗುವುದು ಕಿಲೋಮೀಟರ್ ಲೆಕ್ಕದಲ್ಲಲ್ಲ, ವರ್ಷದ ಲೆಕ್ಕದಲ್ಲಿ. ಹೀಗಾಗಿ 'ಹೆಚ್ಚು ಓಡಿಲ್ಲ, ಪೈಪ್ ಚೆನ್ನಾಗೇ ಇವೆ' ಎಂಬ ಮಾತನ್ನು ಗಾಡಿ ಮಾರುವವರ ಬಾಯಿಂದ ಕೇಳಿದರೂ ನಂಬಬೇಡಿ.

ಈ ಕೆಲಸದಲ್ಲಿ ನನ್ನದು ಎರಡು ಹಟ. ಹೋಸ್ ಪೈಪ್, ಕ್ಲಿಪ್, ಥರ್ಮೋಸ್ಟಾಟ್ ವಾಲ್ವ್ (ಎಂಜಿನ್ ಬಿಸಿಯಾದಾಗ ನೀರನ್ನು ರೇಡಿಯೇಟರ್‌ಗೆ ಬಿಡುವ ಬಾಗಿಲು), ರೇಡಿಯೇಟರ್ ಕ್ಯಾಪ್, ಬೆಲ್ಟ್ ಇವನ್ನೆಲ್ಲ ಒಂದೇ ಸಲ ಬದಲಿಸಬೇಕು; ವಾಟರ್ ಪಂಪ್ ಮೇಲೆ ಸ್ವಲ್ಪವೇ ಅನುಮಾನವಿದ್ದರೂ ಅದೂ ಜೊತೆಗೆ. ಒಂದು ಭಾಗ ಕೈಕೊಟ್ಟಿತೆಂದರೆ ಅದರ ವಯಸ್ಸಿನ ಉಳಿದವೂ ಸರತಿಯಲ್ಲಿವೆ ಎಂದೇ ಅರ್ಥ. ಎರಡನೆಯ ಹಟ ಥರ್ಮೋಸ್ಟಾಟ್ ಬಗ್ಗೆ. ಅದನ್ನು ಮುಂದೆ ಬಿಡಿಸಿ ಹೇಳುತ್ತೇನೆ.

ಕಾಯಿಲೆ ಎಲ್ಲಿದೆ?

ಗಾಡಿ ಹೀಟ್ ಆಗುತ್ತಿದೆ ಎಂದಾಗ ಮೊದಲು ಕೇಳಿಕೊಳ್ಳಬೇಕಾದ್ದು: ಎಲ್ಲಿ ಹೀಟ್ ಆಗುತ್ತದೆ? ಹಡಪ್ಸರ್‌ನ ಟ್ರಾಫಿಕ್‌ನಲ್ಲಿ ಬಿಸಿ ತೋರಿಸುವ ಮೀಟರಿನ ಮುಳ್ಳು ಮೇಲೇರಿ, ಹೈವೇಗೆ ಬಿದ್ದ ಮೇಲೆ ಇಳಿಯುತ್ತದೆಯೇ? ಹಾಗಿದ್ದರೆ ಗಾಳಿಯ ಕೊರತೆ. ಫ್ಯಾನ್, ಫ್ಯಾನಿನ ಸುತ್ತಲಿನ ಕವಚ, ಬೆಲ್ಟ್ ನೋಡಿ. ಎಸಿ ಇರುವ ಗಾಡಿಯಾದರೆ ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಗೆ ಟಾರ್ಚ್ ಬಿಟ್ಟು ನೋಡಿ. ಹುಲ್ಲು, ಚಿಟ್ಟೆ, ಧೂಳು ಸೇರಿ ಅಲ್ಲೊಂದು ಕಂಬಳಿಯೇ ಹಾಸಿರುತ್ತದೆ. ಅದಕ್ಕೆ ಪಾರ್ಟ್ಸ್ ಬೇಕಿಲ್ಲ, ಎಂಜಿನ್ ಕಡೆಯಿಂದ ಹೊರಕ್ಕೆ ನಿಧಾನವಾಗಿ ನೀರು ಬಿಟ್ಟರೆ ಸಾಕು. ಕಾರ್ ವಾಶ್‌ನ ಜೋರು ಪ್ರೆಶರ್ ಬೇಡ, ರೇಡಿಯೇಟರಿನ ಫಿನ್‌ಗಳು (ತೆಳು ತಗಡಿನ ಪಟ್ಟಿಗಳು) ಮಲಗಿಬಿಡುತ್ತವೆ.

ಟ್ರಾಫಿಕ್‌ನಲ್ಲಿ ಸುಮ್ಮನಿದ್ದು ಏರಿನಲ್ಲೋ ವೇಗದಲ್ಲೋ ಹೀಟ್ ಆದರೆ ಅದು ನೀರಿನ ಹರಿವಿನ ತೊಂದರೆ. ರೇಡಿಯೇಟರ್ ಒಳಗೆ ಉಪ್ಪು ಕಟ್ಟಿರಬಹುದು, ವಾಲ್ವ್ ಪೂರ್ತಿ ತೆರೆಯದೆ ಇರಬಹುದು, ಪಂಪಿನ ಎಲೆಗಳು ಸವೆದಿರಬಹುದು, ಇಲ್ಲವೇ ಕೆಳಗಿನ ಹೋಸ್ ಮೆತ್ತಗಾಗಿ ಪಂಪಿನ ಎಳೆತಕ್ಕೆ ಒಳಕ್ಕೆ ಚಪ್ಪಟೆಯಾಗುತ್ತಿರಬಹುದು. ಕೊನೆಯದನ್ನು ಪತ್ತೆಹಚ್ಚಲು ಬಾನೆಟ್ ಎತ್ತಿ, ಒಬ್ಬರು ಆಕ್ಸಿಲರೇಟರ್ ಒತ್ತುವಾಗ ಇನ್ನೊಬ್ಬರು ಆ ಪೈಪನ್ನು ನೋಡುತ್ತಿರಬೇಕು. ಕೈ ಮತ್ತು ದುಪಟ್ಟಾ ಫ್ಯಾನಿನಿಂದ ದೂರವಿರಲಿ.

ಪಂಪಿನ ಕೆಳಹೊಟ್ಟೆಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅದು ಸೋರಲೆಂದೇ ಮಾಡಿದ್ದು: ಒಳಗಿನ ಸೀಲ್ ಹೋದಾಗ ನೀರು ಬೇರಿಂಗ್‌ಗೆ ನುಗ್ಗದೆ ಅಲ್ಲಿಂದ ಹೊರಬೀಳುತ್ತದೆ. ಅಲ್ಲಿ ಹಸಿರೋ ಬಿಳಿಯೋ ಒಣಗಿದ ಗೆರೆ ಕಂಡರೆ ಪಂಪಿನ ಕಾಲ ಮುಗಿದಿದೆ. ಆ ತೂತಿಗೆ ಎಂ-ಸೀಲ್ ಮೆತ್ತಿದ ಗಾಡಿಯೂ ಸೆಕೆಂಡ್ ಹ್ಯಾಂಡ್ ಮಾರ್ಕೆಟ್‌ನಲ್ಲಿ ಸಿಗುತ್ತದೆ, ಹುಷಾರು. ಬೆಲ್ಟ್ ಸಡಿಲಿಸಿ ಪಂಪಿನ ಪುಲ್ಲಿಯನ್ನು ಹಿಡಿದು ಅಲುಗಾಡಿಸಿ ನೋಡಿ. ಕೈಗೆ ಆಟ ಗೊತ್ತಾದರೆ ಬದಲಿಸಿ.

ಇನ್ನೊಂದು ಪರೀಕ್ಷೆ ಈ ಎಲ್ಲಕ್ಕೂ ಮೊದಲು ಆಗಬೇಕು. ತಣ್ಣಗಿರುವಾಗ ಕ್ಯಾಪ್ ತೆಗೆದು ಎಂಜಿನ್ ಸ್ಟಾರ್ಟ್ ಮಾಡಿ. ರೇಡಿಯೇಟರ್ ಬಾಯಲ್ಲಿ ಗುಳ್ಳೆಗಳು ಬಿಡುವಿಲ್ಲದೆ ಏಳುತ್ತಲೇ ಇದ್ದರೆ, ಅಥವಾ ಆಯಿಲ್ ಕ್ಯಾಪಿನ ಒಳಗೆ ಹಾಲಿನ ಕೆನೆಯಂಥ ಬಣ್ಣ ಕಂಡರೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್‌ಗೂ ನಡುವಿನ ಪ್ಯಾಕಿಂಗ್) ಹೋಗಿರುವ ಸಾಧ್ಯತೆ ಹೆಚ್ಚು. ಆಗ ಪಂಪು, ಪೈಪಿನ ಮೇಲೆ ದುಡ್ಡು ಹಾಕುವ ಮೊದಲು ಹೆಡ್ ಬಿಚ್ಚಿಸುವ ಮಾತಾಡಿ.

ಪಾರ್ಟ್ಸ್ ಹುಡುಕಾಟ

ಟ್ರಾವೆಲರ್ ಹುಟ್ಟಿದ್ದು 1987ರಲ್ಲಿ. ಆಗ ಆಕುರ್ಡಿಯ ಕಂಪನಿಯ ಹೆಸರು ಬಜಾಜ್ ಟೆಂಪೋ. 2005ರಲ್ಲಿ ಅದು ಫೋರ್ಸ್ ಮೋಟರ್ಸ್ ಆಯಿತು. ಹಳೆಯ ಗಾಡಿಗಳ ಡೀಸೆಲ್ ಎಂಜಿನ್ ಮರ್ಸಿಡಿಸ್‌ನ ಓಎಂ 616ರ ವಂಶದ್ದು. ಕೌಂಟರಿನಲ್ಲಿ ನಿಂತು 'ಹಳೇ ಮರ್ಸಿಡಿಸ್ ಎಂಜಿನ್' ಎಂದರೆ ಸಾಲದು. ಮಾಡೆಲ್ ವರ್ಷ, ಎಂಜಿನ್ ನಂಬರ್ ಬರೆದುಕೊಂಡು ಹೋಗಿ. ಅದಕ್ಕಿಂತ ಒಳ್ಳೆಯ ಉಪಾಯ, ಹಳೆಯ ಸಾಮಾನನ್ನೇ ಚೀಲದಲ್ಲಿ ಹಾಕಿಕೊಂಡು ಹೋಗುವುದು.

ಪುಣೆಯಲ್ಲಿ ನಾನಾ ಪೇಠೆಯ ಆಟೋ ಪಾರ್ಟ್ಸ್ ಸಾಲು, ನಿಗಡಿಯ ಟ್ರಾನ್ಸ್‌ಪೋರ್ಟ್ ನಗರಿ, ಎರಡೂ ಕಡೆ ಸಿಗುತ್ತದೆ. ಅಂಗಡಿಯವ ಕೇಳುವ ಮೊದಲ ಪ್ರಶ್ನೆ 'ಒರಿಜಿನಲ್ ಪಾಯಿಜೆ ಕಾ ಲೋಕಲ್?' ಅಂದರೆ ಒರಿಜಿನಲ್ ಬೇಕೋ ಲೋಕಲ್ಲೋ. ಕ್ಲಿಪ್, ಬೋಲ್ಟ್‌ಗಳಲ್ಲಿ ಒಳ್ಳೆಯ ಲೋಕಲ್ ನಡೆಯುತ್ತದೆ. ಪಂಪ್, ವಾಲ್ವ್, ಹೋಸ್‌ಗಳಲ್ಲಿ ಉಳಿತಾಯ ನೋಡಬೇಡಿ. ಪಂಪನ್ನು ಅಂಗಡಿಯಲ್ಲೇ ಪೆಟ್ಟಿಗೆ ಬಿಚ್ಚಿಸಿ ಹಳೆಯದರ ಪಕ್ಕದಲ್ಲಿಡಿ. ಒಳಗಿನ ಚಕ್ರದ ಎಲೆಗಳ ಎಣಿಕೆ, ಅವುಗಳ ಎತ್ತರ, ಬೋಲ್ಟ್ ತೂತುಗಳ ಜಾಗ ತಾಳೆಯಾಗಬೇಕು. ಶಾಫ್ಟ್ ತಿರುಗಿಸಿದಾಗ ಒಂದೇ ಸಮನೆ ತಿರುಗಬೇಕು, ಮರಳು ಅರೆದಂತಾಗಬಾರದು. ಮೇಲಿನ ಹೋಸ್, ಕೆಳಗಿನ ಹೋಸ್ ಎಲ್ಲರಿಗೂ ನೆನಪಿರುತ್ತವೆ. ವಾಲ್ವ್ ಹೌಸಿಂಗ್‌ನಿಂದ ಪಂಪಿಗೆ ಬರುವ ಗಿಡ್ಡ ಬೈಪಾಸ್ ಹೋಸ್ ಮರೆತೇಹೋಗುತ್ತದೆ. ಘಾಟಿಯಲ್ಲಿ ಒಡೆಯುವುದು ಅದೇ.

ರೇಡಿಯೇಟರ್ ಕ್ಯಾಪನ್ನು ಜನ ಮುಚ್ಚಳ ಎಂದುಕೊಳ್ಳುತ್ತಾರೆ, ಆದರೆ ಅದೂ ಒಂದು ವಾಲ್ವ್. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಗೇ ಕುದಿಯುತ್ತದೆ, ಮಹಾಬಳೇಶ್ವರದಲ್ಲಿ ಇನ್ನೂ ಮೊದಲು. ಒಳಗೆ ಒತ್ತಡ ಹಿಡಿದಿಟ್ಟು ಕುದಿಯುವ ಹಂತವನ್ನು ಮೇಲಕ್ಕೆ ತಳ್ಳುವುದೇ ಕ್ಯಾಪಿನ ಕೆಲಸ. 0.9 ಬಾರ್‌ನ ಸರಿಯಾದ ಕ್ಯಾಪ್, ನೀರಿಗೆ ಅರ್ಧಕ್ಕರ್ಧ ಕೂಲಂಟ್ (ಕುದಿಯುವ ಹಂತ ಏರಿಸುವ, ತುಕ್ಕು ತಡೆಯುವ ದ್ರವ) ಇದ್ದರೆ 120 ಡಿಗ್ರಿ ದಾಟುವವರೆಗೂ ಕುದಿಯುವುದಿಲ್ಲ. ಹಳೆಯ ಕ್ಯಾಪಿನ ಮೇಲಿನ ಅಂಕಿಯನ್ನೇ ತನ್ನಿ, ಹೆಚ್ಚಿನದು ಬೇಡ. ಹಳೆಯ ರೇಡಿಯೇಟರಿನ ಬೆಸುಗೆ ಬಿಟ್ಟುಕೊಂಡೀತು. ಎಂಜಿನ್ ತಣ್ಣಗಾದ ಮೇಲೆ ಮೇಲಿನ ಹೋಸ್ ಹೀರಿಕೊಂಡಂತೆ ಚಪ್ಪಟೆಯಾಗಿದ್ದರೆ ಕ್ಯಾಪಿನ ಒಳ ವಾಲ್ವ್ ಸಿಕ್ಕಿಹಾಕಿಕೊಂಡಿದೆ ಎಂದು ತಿಳಿಯಿರಿ.

ವಾಲ್ವ್ ಕಿತ್ತೆಸೆಯುವವರ ಮಾತು

ಭೋಸರಿಯ ಗ್ಯಾರೇಜುಗಳಲ್ಲಿ ವಿಜಯಪುರ, ಕಲಬುರಗಿ ಕಡೆಯ ಹುಡುಗರು ಸಿಗುತ್ತಾರೆ. ಕೈಚಳಕಕ್ಕೆ ಕೊರತೆಯಿಲ್ಲ. ಆದರೆ ಥರ್ಮೋಸ್ಟಾಟ್ ಮಾತು ಬಂದರೆ ಒಂದೇ ಪಾಠ: "ವಾಲ್ವ್ ಯಾಕ್ರೀ ಸರ? ತಗದ ಒಗದಬಿಡ್ರಿ, ಗಾಡಿ ತಣ್ಣಗ ಇರ್ತದ."

ಇರುವುದಿಲ್ಲ. ಈ ಎಂಜಿನ್ನಿನ ವಾಲ್ವ್ ಎರಡು ಬಾಗಿಲಿನದು. ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಕಡೆಯ ಬಾಗಿಲು ಮುಚ್ಚಿ, ಬೈಪಾಸ್ ತೆರೆದಿರುತ್ತದೆ. ನೀರು ಎಂಜಿನ್ ಒಳಗೇ ಸುತ್ತುತ್ತದೆ. ಬಿಸಿಯಾದಂತೆ ರೇಡಿಯೇಟರ್ ಬಾಗಿಲು ತೆರೆಯುತ್ತ ಹೋಗುತ್ತದೆ, ಅದರ ಜೊತೆಗೇ ಕೆಳಗಿನ ತಟ್ಟೆ ಬೈಪಾಸನ್ನು ಮುಚ್ಚುತ್ತದೆ. ವಾಲ್ವನ್ನೇ ತೆಗೆದರೆ ಬೈಪಾಸ್ ಮುಚ್ಚುವವರು ಯಾರು? ನೀರಿನ ಒಂದು ಪಾಲು ರೇಡಿಯೇಟರ್ ಮುಖ ನೋಡದೆ, ಬಿಸಿಬಿಸಿಯಾಗಿಯೇ ಎಂಜಿನ್‌ಗೆ ಮರಳುತ್ತದೆ. ಸಪಾಟು ರಸ್ತೆಯಲ್ಲಿ ಇದು ಗೊತ್ತಾಗುವುದಿಲ್ಲ. ಮುಳ್ಳು ತಳದಲ್ಲೇ ಇರುವುದು ನೋಡಿ ಮಾಲೀಕ ಖುಷಿಯಾಗಿರುತ್ತಾನೆ. ಲೋಡ್ ಹೊತ್ತು ಏರು ಹತ್ತುವಾಗ ಮುಳ್ಳು ಕೆಂಪಿಗೆ ಹೋಗುತ್ತದೆ. ಸಪಾಟಿನಲ್ಲೂ ನಷ್ಟವಿದೆ: ಸದಾ ತಣ್ಣಗೆ ಓಡುವ ಡೀಸೆಲ್ ಎಂಜಿನ್ ಹೊಗೆ ಕಾರುತ್ತದೆ, ಹೆಚ್ಚು ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ.

ಹೊಸ ವಾಲ್ವನ್ನು ಕೂರಿಸುವ ಮೊದಲು ಅಡುಗೆಮನೆಯಲ್ಲಿ ಪರೀಕ್ಷಿಸಿ. ಹಳೆಯ ಪಾತ್ರೆಯೊಂದರಲ್ಲಿ ನೀರಿಟ್ಟು, ವಾಲ್ವನ್ನು ದಾರಕ್ಕೆ ಕಟ್ಟಿ ತಳ ಮುಟ್ಟದಂತೆ ಇಳಿಬಿಡಿ, ಪಕ್ಕದಲ್ಲೇ ಥರ್ಮಾಮೀಟರ್ ಇರಲಿ. ವಾಲ್ವಿನ ಮೇಲೆ ಅಚ್ಚಾಗಿರುವ ಡಿಗ್ರಿಯ ಆಸುಪಾಸಿನಲ್ಲಿ ತಟ್ಟೆ ಏಳಲು ಶುರುವಾಗಬೇಕು, ಅಲ್ಲಿಂದ ಹತ್ತು ಹದಿನೈದು ಡಿಗ್ರಿಯೊಳಗೆ ಪೂರ್ತಿ ತೆರೆಯಬೇಕು. 80 ಅಥವಾ 82ರ ವಾಲ್ವ್ ಪುಣೆಯ ಕುದಿನೀರಿನಲ್ಲಿ ಅರ್ಧಕ್ಕೇ ನಿಂತರೆ ಅಂಗಡಿಗೆ ವಾಪಸ್ ಕೊಡಿ. ಅಂಗಡಿಯವನಿಗೆ ತೋರಿಸಲು ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಂಡರೆ ವಾದ ತಪ್ಪುತ್ತದೆ.

ಬಿಚ್ಚುವ ಕೆಲಸ

ಹಿಂದಿನ ರಾತ್ರಿಯೇ ಪಂಪ್ ಮತ್ತು ವಾಲ್ವ್ ಹೌಸಿಂಗ್‌ನ ಬೋಲ್ಟ್‌ಗಳಿಗೆ ತುಕ್ಕು ಬಿಡಿಸುವ ಆಯಿಲ್ ಹೊಡೆದಿಡಿ. ಬೆಳಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಶುರುಮಾಡಿ. ಬ್ಯಾಟರಿಯ ಮೈನಸ್ ಬಿಚ್ಚಿ. ಟ್ರಾವೆಲರ್‌ನ ಬಾನೆಟ್ ಗಿಡ್ಡ. ಎಂಜಿನ್ನಿನ ಹಿಂಭಾಗಕ್ಕೆ ಕೈ ಹೋಗಲು ಕ್ಯಾಬಿನ್ ಒಳಗಿನ ಎಂಜಿನ್ ಕವರ್ ಎತ್ತಬೇಕಾಗುತ್ತದೆ, ಅದರ ಮೇಲೆ ಕ್ಯಾಂಪರ್‌ನವರು ಏನಾದರೂ ಡಬ್ಬಿ ಕೂರಿಸಿರುತ್ತಾರೆ. ಅದನ್ನು ಮೊದಲೇ ತೆಗೆದಿಡಿ.

ರೇಡಿಯೇಟರ್ ಕೆಳಗೆ ಅಗಲ ಬಾಯಿಯ ಟಬ್ ಇಟ್ಟು ನೀರು ಬಿಡಿ. ಎಂಜಿನ್ ಬ್ಲಾಕಿನ ಪಕ್ಕದಲ್ಲೂ ಒಂದು ಡ್ರೈನ್ ಬೋಲ್ಟ್ ಇದೆ. ಅದನ್ನು ಬಿಚ್ಚದಿದ್ದರೆ ಹಳೆಯ ನೀರಿನಲ್ಲಿ ದೊಡ್ಡ ಪಾಲು ಒಳಗೇ ಉಳಿಯುತ್ತದೆ. ಜಪ್ಪಯ್ಯ ಎಂದರೂ ಅಲುಗದಿದ್ದರೆ ಮೂಲೆ ಸವೆಯುವಂತೆ ಜಗ್ಗಬೇಡಿ, ಫ್ಲಶಿಂಗ್ (ಬರೀ ನೀರು ತುಂಬಿ ಮತ್ತೆ ಹೊರಬಿಡುವುದು) ಎರಡು ಸಲ ಹೆಚ್ಚು ಮಾಡಿದರಾಯಿತು. ಎಷ್ಟು ಲೀಟರ್ ಬಂತು ಎಂದು ಅಳೆದು ಬರೆದಿಡಿ, ತುಂಬುವಾಗ ಬೇಕಾಗುತ್ತದೆ. ಟಬ್ಬನ್ನು ಅಲ್ಲೇ ಬಿಟ್ಟು ಚಹಾಕ್ಕೆ ಹೋಗಬೇಡಿ: ಕೂಲಂಟಿನ ಎಥಿಲೀನ್ ಗ್ಲೈಕಾಲ್ ಸಿಹಿ, ನಾಯಿ ಬೆಕ್ಕುಗಳು ನೆಕ್ಕುತ್ತವೆ, ಸ್ವಲ್ಪವೇ ಸಾಕು ಅವುಗಳ ಮೂತ್ರಪಿಂಡ ಹೋಗಲು. ಮಕ್ಕಳಿಗೂ ಅಷ್ಟೇ ವಿಷ.

ಹಳೆಯ ಹೋಸ್ ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಎಬ್ಬಬೇಡಿ. ಹಿತ್ತಾಳೆಯ ಕುತ್ತಿಗೆ ಸೊಟ್ಟಗಾಗುತ್ತದೆ, ಪ್ಲಾಸ್ಟಿಕ್ ಟ್ಯಾಂಕಾದರೆ ಸೀಳುತ್ತದೆ. ಹೇಗೂ ಎಸೆಯುವ ಪೈಪು, ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿ.

ಫ್ಯಾನ್ ಬಿಚ್ಚುವ ಮೊದಲು ರೇಡಿಯೇಟರ್ ಮುಖಕ್ಕೆ ದಪ್ಪ ರಟ್ಟು ಕೊಟ್ಟುಬಿಡಿ, ಸ್ಪ್ಯಾನರ್ ಜಾರಿದರೂ ಫಿನ್ ಉಳಿಯುತ್ತವೆ. ಪಂಪಿನ ಪುಲ್ಲಿ ಬೋಲ್ಟ್‌ಗಳನ್ನು ಬೆಲ್ಟ್ ಬಿಗಿಯಾಗಿರುವಾಗಲೇ ಸಡಿಲಿಸಿ, ಆಮೇಲೆ ಬೆಲ್ಟ್ ತೆಗೆಯಿರಿ. ಬೆಲ್ಟ್ ಮೊದಲು ತೆಗೆದರೆ ಪುಲ್ಲಿ ಗರಗರ ತಿರುಗುತ್ತ ಬೋಲ್ಟ್ ಬಿಚ್ಚಲು ಕೊಡುವುದಿಲ್ಲ. ಪಂಪಿನ ಬೋಲ್ಟ್‌ಗಳು ಒಂದೇ ಉದ್ದದವಲ್ಲ. ಒಂದು ರಟ್ಟಿನ ಮೇಲೆ ಪಂಪಿನ ಆಕಾರ ಗೀರಿ, ಬಿಚ್ಚಿದ ಪ್ರತಿ ಬೋಲ್ಟನ್ನು ಅದರದರ ಜಾಗದಲ್ಲೇ ಚುಚ್ಚಿಡಿ. ಗಿಡ್ಡ ಜಾಗಕ್ಕೆ ಉದ್ದ ಬೋಲ್ಟ್ ಹಾಕಿ ಬಿಗಿದರೆ ಒಳಗಿನ ಲೋಹ ಬಿರಿಯುತ್ತದೆ.

ಪಂಪ್ ಕೈಗೆ ಬಂದ ಮೇಲೆ ಅದರ ಒಳಮುಖ ನೋಡಿ. ಬರೀ ನಲ್ಲಿ ನೀರಿನಲ್ಲಿ, ಅದರಲ್ಲೂ ಬೋರ್‌ವೆಲ್ ನೀರಿನಲ್ಲಿ ಓಡಿದ ಗಾಡಿಯಾದರೆ ಎಲೆಗಳ ಅಂಚು ಗೆದ್ದಲು ತಿಂದಂತೆ ಸವೆದಿರುತ್ತದೆ, ಗೋಡೆಗೆ ಕಂದು ಕೆಸರು ಮೆತ್ತಿರುತ್ತದೆ. ರೇಡಿಯೇಟರ್ ಒಳಗೂ ಅದೇ ಇದೆ ಎಂದುಕೊಳ್ಳಿ. ತಾಮ್ರ-ಹಿತ್ತಾಳೆಯ ಹಳೆಯ ರೇಡಿಯೇಟರ್ ಆದರೆ ಬಿಚ್ಚಿ ರೇಡಿಯೇಟರ್ ಅಂಗಡಿಗೆ ಕೊಡಿ. ಅವರು ಟ್ಯಾಂಕ್ ಬೇರ್ಪಡಿಸಿ, ಕೊಳವೆಗಳಲ್ಲಿ ಕಂಬಿಯಾಡಿಸಿ, ಮತ್ತೆ ಬೆಸೆದುಕೊಡುತ್ತಾರೆ. ಅಲ್ಯೂಮಿನಿಯಂ ಕೋರಿನದಾದರೆ ಆ ಭಾಗ್ಯವಿಲ್ಲ, ಕಟ್ಟಿದ್ದರೆ ಹೊಸದೇ. ಗೋವಾದಲ್ಲಿ ಕಡಲ ದಂಡೆಯ ಹತ್ತಿರ ನಿಲ್ಲಿಸುವ ಗಾಡಿಗಳ ಫಿನ್‌ಗಳನ್ನು ಬೆರಳಿನಿಂದ ಮುಟ್ಟಿ ನೋಡಿ. ಉಪ್ಪುಗಾಳಿಗೆ ಪುಡಿಯಾಗಿ ಉದುರುತ್ತಿದ್ದರೆ ಕೊಳವೆ ಸರಿಯಿದ್ದೂ ಪ್ರಯೋಜನವಿಲ್ಲ.

ಕೂರಿಸುವುದು

ಹಳೆಯ ಪ್ಯಾಕಿಂಗನ್ನು ಬ್ಲೇಡ್ ಮಲಗಿಸಿ ಕೆರೆಯಿರಿ, ತೂತುಗಳಿಗೆ ಬಟ್ಟೆ ತುರುಕಿರಿ, ಚೂರು ಒಳಗೆ ಬೀಳಬಾರದು. ಹೊಸ ಪ್ಯಾಕಿಂಗ್‌ಗೆ ಸಿಲಿಕಾನ್ ಹಚ್ಚುವುದಾದರೆ ತೆಳ್ಳಗೆ ಸವರಿ, ಅಷ್ಟೇ. ಧಾರಾಳವಾಗಿ ಹಿಂಡಿದ ಸಿಲಿಕಾನ್ ಹೊರಗೆಷ್ಟು ಉಕ್ಕುತ್ತದೋ ಒಳಗೂ ಅಷ್ಟೇ ಉಕ್ಕುತ್ತದೆ. ಆ ದಾರಗಳು ಕಡೆಗೆ ರೇಡಿಯೇಟರ್ ಕೊಳವೆಯಲ್ಲಿ ಹೋಗಿ ಕೂರುತ್ತವೆ. ಬೋಲ್ಟ್‌ಗಳನ್ನು ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಮ್ಯಾನುಯಲ್ ಕೈಲಿದ್ದರೆ ಅದರ ಅಂಕಿ. ಇಲ್ಲದಿದ್ದರೆ ಅಲ್ಯೂಮಿನಿಯಂಗೆ ಹೋಗುವ 6 ಎಂಎಂ ಬೋಲ್ಟಿಗೆ ಸುಮಾರು 8ರಿಂದ 10 ನ್ಯೂಟನ್ ಮೀಟರ್, 8 ಎಂಎಂಗೆ 20ರ ಆಸುಪಾಸು ಸಾಕು. ಮಣಿಕಟ್ಟಿನ ಬಲದಿಂದ ಬಿಗಿಯುವ ಕೆಲಸ ಇದು, ಭುಜದ ಬಲದಿಂದಲ್ಲ.

ವಾಲ್ವ್ ಕೂರಿಸುವಾಗ ಸ್ಪ್ರಿಂಗ್ ಎಂಜಿನ್ ಕಡೆಗೆ ಇರಬೇಕು. ಅಂಚಿನಲ್ಲಿ ಗಾಳಿ ಹೋಗಲು ಸಣ್ಣ ತೂತು, ಅದರಲ್ಲಿ ಅಲುಗಾಡುವ ಪಿನ್ ಇದ್ದರೆ ಅದು ಮೇಲ್ಭಾಗಕ್ಕೆ ಬರಲಿ. ಹೋಸ್‌ಗಳ ಒಳಗೆ ಗ್ರೀಸ್ ಹಚ್ಚಬೇಡಿ, ರಬ್ಬರ್ ಉಬ್ಬಿ ಹಾಳಾಗುತ್ತದೆ. ಸ್ವಲ್ಪ ಕೂಲಂಟೋ ಸೋಪಿನ ನೀರೋ ಸಾಕು. ಕ್ಲಿಪ್ ಕುತ್ತಿಗೆಯ ಉಬ್ಬಿನ ಈಚೆಗೆ ಕೂರಬೇಕು, ಅದರ ಸ್ಕ್ರೂ ಮುಂದೆ ಸ್ಕ್ರೂಡ್ರೈವರ್ ಹೋಗುವ ದಿಕ್ಕಿಗೆ ಇರಬೇಕು. ಬೆಲ್ಟ್ ಬಿಗಿಯನ್ನು ಉದ್ದನೆಯ ಭಾಗದ ನಡುವೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಒಂದು ಸೆಂಟಿಮೀಟರಿನಷ್ಟು ಬಗ್ಗಿದರೆ ಸರಿ.

ಗ್ಯಾರೇಜಿನಲ್ಲಿ ಕೈಪಂಪಿನ ಪ್ರೆಶರ್ ಟೆಸ್ಟರ್ ಇದ್ದರೆ ನೀರು ತುಂಬಿದ ಮೇಲೆ, ಎಂಜಿನ್ ಸ್ಟಾರ್ಟ್ ಮಾಡುವ ಮೊದಲೇ, ಕ್ಯಾಪಿನ ಅಂಕಿಯಷ್ಟು ಒತ್ತಡ ಕೊಟ್ಟು ಹತ್ತು ನಿಮಿಷ ಬಿಡಿ. ಮುಳ್ಳು ಇಳಿದರೆ ಸೋರಿಕೆ ಇದೆ. ತಣ್ಣಗಿರುವಾಗ ಹುಡುಕುವುದೇ ಸುಖ.

ಗಾಳಿ ತೆಗೆಯುವುದು

ಅರ್ಧ ಕೂಲಂಟ್, ಅರ್ಧ ಬ್ಯಾಟರಿ ನೀರು (ಡಿಸ್ಟಿಲ್ಡ್ ವಾಟರ್, ಆಸಿಡ್ ಅಲ್ಲ). ಡಬ್ಬಿಯ ಮೇಲೆ ಬೆರೆಸಿದ್ದು ಎಂದು ಬರೆದಿದ್ದರೆ ಮತ್ತೆ ನೀರು ಸೇರಿಸಬೇಡಿ. ಹಸಿರು, ಕೆಂಪು ಎಂದು ಬಣ್ಣ ನೋಡಿ ಬೆರೆಸಲೂಬೇಡಿ, ಬಣ್ಣ ನಂಬುವ ವಸ್ತುವಲ್ಲ; ಹೊಂದದ ಎರಡು ಕೂಲಂಟ್ ಸೇರಿದರೆ ಒಳಗೆ ಲೋಳೆ ಕಟ್ಟಬಹುದು. ಹಳೆಯ ಶೈಲಿಯ ಕೂಲಂಟಾದರೆ ಎರಡು ವರ್ಷಕ್ಕೊಮ್ಮೆ ಬದಲಿಸಿ. 'ಇಲ್ಲಿ ಹಿಮ ಬೀಳಲ್ಲ, ಕೂಲಂಟ್ ಯಾಕೆ' ಎನ್ನುವವರಿಗೆ ಉತ್ತರ ಆ ಸವೆದ ಪಂಪಿನಲ್ಲೇ ಇದೆ: ನಮಗೆ ಬೇಕಾದ್ದು ತುಕ್ಕು ತಡೆಯುವ ಅದರ ಗುಣ.

ಗಾಡಿಯ ಮೂತಿ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ರೇಡಿಯೇಟರ್ ಬಾಯೇ ಎಲ್ಲಕ್ಕಿಂತ ಎತ್ತರವಿರಬೇಕು. ಹೀಟರ್ ಇದ್ದರೆ ಅದರ ನೀರಿನ ವಾಲ್ವ್ ಪೂರ್ತಿ ತೆರೆದಿಡಿ; ಹಿಂದಿನ ಮಲಗುವ ಜಾಗಕ್ಕೂ ಹೀಟರ್ ಪೈಪ್ ಎಳೆಸಿಕೊಂಡಿದ್ದರೆ ಗಾಳಿ ಅಡಗುವ ಮೊದಲ ಜಾಗ ಅದೇ. ನೂಲಿನಂತೆ ಸಣ್ಣ ಧಾರೆಯಲ್ಲಿ ಹುಯ್ಯುತ್ತ, ಮೇಲಿನ ಹೋಸನ್ನು ಎಂಜಿನ್ ಕಡೆ ಸ್ವಲ್ಪ ಸಡಿಲಿಸಿ, ಅಲ್ಲಿಂದ ನೀರು ಬರುವವರೆಗೂ ಗಾಳಿ ಬಿಡಿ. ಹೋಸ್‌ಗಳನ್ನು ಹಿಂಡಿ ಹಿಂಡಿ ಬಿಟ್ಟರೆ ಗುಳುಗುಳು ಎಂದು ಗುಳ್ಳೆ ಏಳುತ್ತವೆ. ಬಿಚ್ಚಿದಾಗ ಬಂದ ಲೀಟರಿಗೂ ಈಗ ಹಿಡಿದ ಲೀಟರಿಗೂ ಬಹಳ ಅಂತರವಿದ್ದರೆ ಒಳಗೆ ಇನ್ನೂ ಗಾಳಿಯಿದೆ.

ಆಮೇಲೆ ಕ್ಯಾಪ್ ಹಾಕದೆ ಸ್ಟಾರ್ಟ್ ಮಾಡಿ, ಸುಮ್ಮನೆ ಓಡಲು ಬಿಡಿ. ತಾಳ್ಮೆ ಬೇಕಾದ್ದು ಇಲ್ಲೇ. ಮೇಲಿನ ಹೋಸ್ ಬಹಳ ಹೊತ್ತು ಉಗುರುಬೆಚ್ಚಗಿದ್ದು ಇದ್ದಕ್ಕಿದ್ದಂತೆ ಬಿಸಿಯಾಗುತ್ತದೆ. ವಾಲ್ವ್ ತೆರೆಯಿತು ಎಂದು ಅದರರ್ಥ. ಅದೇ ಕ್ಷಣ ರೇಡಿಯೇಟರ್ ಬಾಯಲ್ಲಿ ಮಟ್ಟ ಗಬಕ್ಕನೆ ಇಳಿಯುತ್ತದೆ. ತುಂಬಿಸಿ, ಕ್ಯಾಪ್ ಹಾಕಿ. ಮೇಲಿನ ಹೋಸ್ ಸುಡುತ್ತಿದ್ದು ಕೆಳಗಿನದು ಎಷ್ಟು ಹೊತ್ತಾದರೂ ತಣ್ಣಗೇ ಇದ್ದರೆ ರೇಡಿಯೇಟರ್ ಕಟ್ಟಿದೆ, ಇಲ್ಲವೇ ಗಾಳಿ ಕೂತಿದೆ; ಎಂಜಿನ್ ಆರಿಸಿ, ತಣಿಸಿ, ಮತ್ತೆ ಮೊದಲಿನಿಂದ.

ಮುಳ್ಳನ್ನು ಅತಿಯಾಗಿ ನಂಬಬೇಡಿ. ಅದರ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿ ಹೇಳುತ್ತದೆ. ನೀರೆಲ್ಲ ಸೋರಿಹೋದಾಗ ಮೇಲೇರಿದ್ದ ಮುಳ್ಳು ತಾನಾಗಿ ಕೆಳಗಿಳಿಯಬಹುದು. ಅದನ್ನು ನೋಡಿ ನಿಟ್ಟುಸಿರುಬಿಟ್ಟು ಓಡಿಸಿದರೆ ಹೆಡ್ ಸೊಟ್ಟಗಾಗುತ್ತದೆ.

ಓಡಿಸಿ ನೋಡುವುದು

ಮೊದಲ ದಿನವೇ ಬೆಳಗಾವಿಗೆ ಹೊರಡಬೇಡಿ. ಟ್ಯಾಂಕ್ ತುಂಬಿಸಿ, ಸಾಮಾನು ಹೇರಿ, ಹಳೆಯ ಕಾತ್ರಜ್ ಘಾಟಿಯನ್ನೋ ಸಾಸವಡ ದಾರಿಯ ಬೋಪದೇವ ಘಾಟಿಯನ್ನೋ ಒಮ್ಮೆ ಹತ್ತಿ ಇಳಿಯಿರಿ. ಏರಿನಲ್ಲಿ ಎತ್ತರದ ಗೇರ್‌ನಲ್ಲಿ ಎಂಜಿನ್ ಮುಕ್ಕರಿಸುವಂತೆ ಎಳೆಸಬೇಡಿ. ಒಂದು ಗೇರ್ ಇಳಿಸಿದರೆ ಪಂಪು, ಫ್ಯಾನು ಎರಡೂ ಜೋರಾಗಿ ತಿರುಗುತ್ತವೆ. ಮುಳ್ಳು ಏರತೊಡಗಿದರೆ ಎಸಿ ಆರಿಸಿ, ಹೀಟರ್ ಹಾಕಿ. ಸೆಕೆಯಾದೀತು, ಎಂಜಿನ್ ಉಳಿಯುತ್ತದೆ. ಆವಿ ಬರುತ್ತಿದ್ದರೆ ತಕ್ಷಣ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿ. ಹತ್ತಿರದ ಹೋಟೆಲಿನವರು ಪ್ರೀತಿಯಿಂದ ತಂದುಕೊಡುವ ತಣ್ಣೀರಿನ ಬಕೆಟ್ ಕುಡಿಯಲು, ಕೈಕಾಲು ತೊಳೆಯಲು. ಸುಡುವ ಎಂಜಿನ್‌ಗೆ ಹುಯ್ದರೆ ಹೆಡ್ ಬಿರುಕು ಬಿಡುತ್ತದೆ. ಮೇಲಿನ ಹೋಸನ್ನು ಕೈಯಲ್ಲಿ ಹಿಡಿಯಲಾಗುವಷ್ಟು ತಣಿಯುವವರೆಗೆ ಕ್ಯಾಪ್ ಮುಟ್ಟಬೇಡಿ.

ಮರುದಿನ ಬೆಳಗ್ಗೆ ತಣ್ಣಗಿರುವಾಗ ಮಟ್ಟ ನೋಡಿ, ಸ್ವಲ್ಪ ಇಳಿದಿದ್ದರೆ ಅದೇ ಮಿಶ್ರಣ ಹಾಕಿ. ಹೊಸ ಬೆಲ್ಟ್ ಒಂದಿಷ್ಟು ಹಿಗ್ಗಿರುತ್ತದೆ, ಮತ್ತೆ ಬಿಗಿಯಿರಿ. ಕ್ಲಿಪ್‌ಗಳಿಗೂ ಅರ್ಧ ತಿರುವು ಬೇಕಾದೀತು. ಹಳೆಯ ಬೆಲ್ಟ್ ಇನ್ನೂ ಗಟ್ಟಿಯಿದ್ದರೆ, ಎರಡು ಕ್ಲಿಪ್, ಐದು ಲೀಟರ್ ಬ್ಯಾಟರಿ ನೀರಿನ ಕ್ಯಾನ್ ಜೊತೆಗೆ ಮಂಚದ ಕೆಳಗೆ ಇಡಿ. ಟಬ್ಬಿನಲ್ಲಿ ಹಿಡಿದ ಹಳೆಯ ಕೂಲಂಟನ್ನು ಮುಚ್ಚಳವಿರುವ ಕ್ಯಾನಿಗೆ ಸುರಿದು, ಮೇಲೆ 'ವಿಷ' ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಬರೆದು, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿನವರು ಇದನ್ನೂ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ ಕೊಡಿ. ಸೊಸೈಟಿಯ ಮಳೆನೀರಿನ ಗಟಾರಕ್ಕೆ ಹುಯ್ಯಬೇಡಿ.